ಹರಕೆಯ ಟಗರಿನ ಉಣ್ಣೆ

ಕಾಜಾ, ಸ್ಪಿತಿ ಕಣಿವೆ, ಹಿಮಾಚಲ ಪ್ರದೇಶ
ಸೆಪ್ಟೆಂಬರ್ 11, 2024, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಉಮಾ ಪಾದ ಮುಟ್ಟಿ ಮಾಡುವ ನಮಸ್ಕಾರಗಳು. ನೀವು ತಗೊಳ್ಳದಿದ್ದರೂ ಕಾಗದದ ಮೇಲೆ ಅವು ಇರಲಿ.

ದಿನಾ ಫೋನು ಮಾಡುತ್ತಿದ್ದೇನೆ. ನನ್ನ ದನಿ ಕೇಳಿದ ಕೂಡಲೇ ನೀವು ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದ. ಇಲ್ಲಿ ಅಂಚೆಗೆ ಹಾಕಿದರೆ ಅದು ಪೋತ್ನಾಳ ಮುಟ್ಟುವುದರೊಳಗೆ ನಾನೇ ಬಂದಿರುತ್ತೇನೆ. ಹಾಗಾಗಿ ಹಾಳೆಗಳ ಫೋಟೊ ತೆಗೆದು ನಿಮ್ಮ ಗೋಡೆಯಾಚೆಯ ಕಮರುನ್ನೀಸಾಳ ಮೊಬೈಲಿಗೆ ಕಳಿಸುತ್ತಿದ್ದೇನೆ. ಅಂಗನವಾಡಿ ಟೀಚರು, ಬಿಡಿಸಿ ಬಿಡಿಸಿ ಓದುತ್ತಾಳೆ. ಕಮರು, ಅತ್ತೆ ನಡುವೆ ಎದ್ದು ಹೋದರೆ ಹಿಂದೆ ಹೋಗಿ ಓದು. ಹಿತ್ತಲಿಗೆ ಹೋದರೂ ಬಿಡಬೇಡ.

ಅತ್ತೆ, ನಾನು ಹೊರಡುವ ಹಿಂದಿನ ದಿನ ನಿಮ್ಮ ಮನೆಯ ಕಟ್ಟೆಯ ಮೇಲೆ ಆದದ್ದರಲ್ಲಿ ಅರ್ಧ ನಗುವಿತ್ತು. ನಾವಿಬ್ಬರೂ ನಗಲಿಲ್ಲ, ಅಷ್ಟೆ. ನಾನು ಹೇಳಿದ್ದು ಹಿಮಾಲಯ ಎಂದು. ನಿಮಗೆ ಹಿಮಾಲಯ ಅಂದರೆ ಶಿವ, ಶಿವ ಅಂದರೆ ಕಾಶಿ, ಕಾಶಿ ಅಂದರೆ ಗಂಗೆ. ಓಣಿಗೆಲ್ಲ ಹೇಳಿಬಿಟ್ಟಿದ್ದಿರಿ. ಯಾತ್ರೆಗೆ ಹೊರಟವರ ಕೈಗೆ ತಮ್ಮದೂ ಒಂದು ಮುಡಿಪು ಕೊಡದಿದ್ದರೆ ನಮ್ಮ ಓಣಿಯವರಿಗೆ ಸಮಾಧಾನವಾದೀತೇ? ನಿಮಗೆ ಹೇಳಿ ಹೋಗಲು ನಾನು ಬಸ್ಸಿಳಿದು ಬರುವಷ್ಟರಲ್ಲಿ ಆದೆಮ್ಮ ತೆಂಗಿನಕಾಯಿ ಹಿಡಿದು ಕುಳಿತಿದ್ದಳು. ಅಂಜಿನೇಯ ಮೊಮ್ಮಗಳ ಜವಳದ ಕೂದಲು ಪೊಟ್ಟಣ ಕಟ್ಟಿಕೊಂಡು ಬಂದಿದ್ದ. ಯಂಕೋಬಣ್ಣನ ಕೈಯಲ್ಲಿ ದೊಡ್ಡ ಖಾಲಿ ಬಾಟಲಿ. "ಗಂಗಿ ನೀರು ಗಂಟಲತನಕ ತುಂಬ್ಕೊಂಡು ಬಾ ಟೀಚರವ್ವಾ, ದಾರಿಯಾಗ ನಳದ ನೀರು ಬೆರಸಬ್ಯಾಡ" ಎಂದ.

ಅವರ ಮುಡಿಪು ಹೊತ್ತುಕೊಂಡು ಸುಳ್ಳು ಹೇಳಿ ಹೋಗಲು ಮನಸ್ಸಾಗಲಿಲ್ಲ. ನಾನು ಹೋಗುತ್ತಿರುವ ದಾರಿಯಲ್ಲಿ ಗಂಗೆ ಇಲ್ಲ, ನೋಡುವುದು ಬರೀ ಬೆಟ್ಟ, ಹಳೇ ಕೋಟೆ, ಹಳೇ ಮಠ ಎಂದೆ. ಆದೆಮ್ಮ ದೊಡ್ಡ ಮನಸ್ಸಿನವಳು. "ಏ ಇರ್ಲಿ ತಗೋಬೇ, ಅಲ್ಲೂ ಯಾವ್ದಾರ ಹೊಳಿ ಇರ್ತದ, ಅದರಾಗ ಒಗದು ಬಾ" ಎಂದಳು. ಆದರೆ ನಿಮ್ಮ ಮುಖ ನೋಡಿದೆ. "ದೇವ್ರಿಲ್ಲದ ಗುಡ್ಡ ನೋಡಾಕ ಹೋಗೇ ನನ ಮಗ ಹ್ವಾದ. ಈಗ ಇಕಿ ಹೊಂಟಾಳ" ಎಂದಿರಿ. ನನಗಲ್ಲ, ಓಣಿಗೆ ಹೇಳಿದಿರಿ. ಬಾಗಿಲು ಹಾಕಿಕೊಂಡಿರಿ.

ನಿಮ್ಮ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಭಾನುವಾರ ಬಂತೆಂದರೆ ನಿಮ್ಮ ಮಗ ಬೈಕಿಗೆ ನನ್ನನ್ನು ಹತ್ತಿಸಿಕೊಂಡು ಹೊರಡುತ್ತಿದ್ದರು. ಸಿರವಾರದ ಶಾಲೆಯಲ್ಲಿ ವಾರವೆಲ್ಲ ಭೂಗೋಳ ಪಾಠ ಮಾಡಿದರೂ ಅವರಿಗೆ ಸಾಲುತ್ತಿರಲಿಲ್ಲ. ಗಬ್ಬೂರಿನ ಗುಡಿಗಳು, ಜಲದುರ್ಗದ ಕೆಳಗೆ ಕೃಷ್ಣೆ ಹರಿಯುವ ಕಮರಿ, ರಾಯಚೂರು ಕೋಟೆಯ ಗೋಡೆಯಲ್ಲಿ ಅಡ್ಡ ಮಲಗಿರುವ ಆ ಉದ್ದನೆಯ ಶಾಸನದ ಕಲ್ಲು. ಎಷ್ಟು ಸಲ ನೋಡಿದರೂ ಮೊದಲ ಸಲ ನೋಡಿದವರ ಹಾಗೆ ಕಲ್ಲಿನ ಮೇಲೆ ಕೈಯಾಡಿಸುತ್ತಿದ್ದರು. "ಬಿದ್ದ ಗ್ವಾಡಿ ನೋಡಾಕ ಪೆಟ್ರೋಲ್ ಸುಡ್ತಾನ" ಎಂದು ನೀವು ಬೈಯುತ್ತಿದ್ದಿರಿ. ಕೊನೆಯ ಭಾನುವಾರ ಮುದಗಲ್ ಕೋಟೆ ನೋಡಿ ಬರುವಾಗ, ಹಿಂದೆ ದೀಪವಿಲ್ಲದ ಭತ್ತದ ಟ್ರ್ಯಾಕ್ಟರಿಗೆ ಬಡಿದೆವು. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಬಿದ್ದಿದ್ದೆವು. ನಾನು ಎದ್ದು ಬಂದೆ.

ಮೂರು ವರ್ಷದಿಂದ ಆ ಹರಕೆಯ ಟಗರು ನಿಮ್ಮ ಕಣ್ಣ ಮುಂದೆ ಓಡಾಡುತ್ತಿದೆ. ಮಗ ಉಳಿಯಲೆಂದು ಮನೆದೇವರಿಗೆ ಬಿಟ್ಟ ಮರಿ ಅದು. ಮಗ ಉಳಿಯಲಿಲ್ಲ, ಮರಿ ಬೆಳೆಯಿತು. ಮೈದುನ ಹನುಮೇಶ ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ದೇವರಿಗೆ ಕೊಡಲು ನಿಮಗೆ ಮನಸ್ಸಿಲ್ಲ, ಮಂದೆಗೆ ಸೇರಿಸಲೂ ಮನಸ್ಸಿಲ್ಲ. ಅವತ್ತು ನಾನು ಗಂಗೆ ಇಲ್ಲವೆನ್ನುವ ಮೊದಲು ಒಳಗೆ ಕರೆದು ಆ ಟಗರಿನ ಉಣ್ಣೆಯನ್ನು ಅರಿಶಿಣ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟು, "ಗಂಗಿಗೆ ಹಾಕು. ಅದಕ್ಕೂ ಬಿಡುಗಡಿ, ನನಗೂ ಬಿಡುಗಡಿ" ಎಂದಿರಿ. ಹೀಗೆ ಮಾಡುವುದು ಯಾರ ಪದ್ಧತಿಯೂ ಅಲ್ಲ, ನೀವೇ ಹುಡುಕಿಕೊಂಡ ದಾರಿ ಎಂದು ನನಗೆ ಗೊತ್ತು. ಬಾಗಿಲು ಹಾಕಿಕೊಂಡಿರಿ, ಗಂಟು ನನ್ನಲ್ಲೇ ಉಳಿಯಿತು. ಅದನ್ನು ಏನು ಮಾಡಲಿ ಎಂದು ಕೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಈ ಊರುಗಳನ್ನು ಸ್ವಲ್ಪ ಹೇಳುತ್ತೇನೆ. ಕೇಳದ ಹಾಗೆ ಕುಳಿತು ಕೇಳಿ.

ಇಲ್ಲಿನ ಬೆಟ್ಟಗಳಲ್ಲಿ ಹಸಿರು ಇಲ್ಲವೇ ಇಲ್ಲ. ದೇವದುರ್ಗದ ಕಡೆಯ ನಮ್ಮ ಬೋಳು ಗುಡ್ಡಗಳನ್ನು ಒಂದರ ಮೇಲೊಂದು ಪೇರಿಸಿ, ತುದಿಗೆ ಸುಣ್ಣ ಬಳಿದರೆ ಹೇಗೋ ಹಾಗೆ. ಮಣ್ಣಿನ ಬಣ್ಣ ಗಂಟೆಗೊಮ್ಮೆ ಬದಲಾಗುತ್ತದೆ. ಬೆಳಿಗ್ಗೆ ಬೂದಿ, ಈಗ ಸುಟ್ಟ ಇಟ್ಟಿಗೆ. ಕೆಳಗೆ ಸ್ಪಿತಿ ಅನ್ನುವ ಹೊಳೆ, ಅಗಲವಾದ ಕಲ್ಲುಹಾಸಿನಲ್ಲಿ ಸಣ್ಣ ಸಣ್ಣ ಎಳೆಗಳಾಗಿ ಹರಿಯುತ್ತದೆ, ಮಗ್ಗಕ್ಕೆ ಹಾಸು ಹಾಕಿದ ಹಾಗೆ.

ತಾಬೋ ಅನ್ನುವ ಊರಲ್ಲಿ ಸಾವಿರ ವರ್ಷದ ಮಣ್ಣಿನ ಮಠವಿದೆ. ಹೊರಗಿನಿಂದ ನೋಡಿದರೆ ನಿಮ್ಮ ತವರಿನ ಮಾಳಿಗೆ ಮನೆ. ಅದೇ ದಪ್ಪ ಗೋಡೆ, ಅದೇ ಮಣ್ಣಿನ ಮಾಳಿಗೆ. "ಇದನ್ನ ನೋಡಾಕ ಇಷ್ಟು ದೂರ ಬಂದ್ವಾ?" ಎಂದು ನಮ್ಮ ಗುಂಪಿನವರೊಬ್ಬರು ಗೊಣಗಿದರು. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ಏನೂ ಇಲ್ಲ. ಆಮೇಲೆ ಗೋಡೆಯಿಂದ ಒಂದೊಂದೇ ಮುಖ ಹೊರಗೆ ಬರುತ್ತದೆ, ನೀಲಿ, ಕಾವಿ, ಮಾಸಿದ ಬಂಗಾರ. ನನ್ನ ಶಾಲೆಯಲ್ಲೇ ಪಾಠ ಮಾಡುವ ವಿಶಾಖಾ, ಈ ಪ್ರವಾಸ ಹೊರಡಿಸಿದವಳೇ ಅವಳು, ಬುದ್ಧನ ಮುಂದೆ ಕುಳಿತವಳು ಏಳಲೇ ಇಲ್ಲ. ಅವಳಪ್ಪ ಕಲ್ಮಲದಲ್ಲಿ ಮನೆಯ ಗೋಡೆಗೆ ಕ್ಯಾಲೆಂಡರಿನ ಬುದ್ಧನನ್ನು ಅಂಟಿಸಿದ್ದನಂತೆ. "ಮೇಡಂ, ನಮ್ಮಪ್ಪಗ ಈ ಗೋಡಿ ತೋರಸಬೇಕಾಗಿತ್ರಿ" ಎಂದಳು. ನಾನೂ ಒಬ್ಬರಿಗೆ ತೋರಿಸಬೇಕಾಗಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು.

ನಿಮಗೆ ಹಿಡಿಸುವ ಸುದ್ದಿ ಇದು. ನಿನ್ನೆ ರಸ್ತೆಗೆ ಅಡ್ಡ ಕುರಿಮಂದೆ ಬಂತು. ಗದ್ದಿ ಅನ್ನುವ ಕುರುಬರು, ಚಳಿ ಬೀಳುವ ಮೊದಲು ಕೆಳಗಿನ ಸೀಮೆಗೆ ಇಳಿಯುತ್ತಿದ್ದರು. ಸೊಂಟಕ್ಕೆ ಉಣ್ಣೆಯ ಹಗ್ಗ ಸುತ್ತು ಸುತ್ತು ಸುತ್ತಿಕೊಂಡಿರುತ್ತಾರೆ. ಅಂಗಿಯ ಮಡಿಲಲ್ಲಿ ಹಸಿ ಮರಿ. ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ, ಚಿರತೆ ಬಾಯಿ ಹಾಕದ ಹಾಗೆ. ಮಾತು ಒಂದೂ ತಿಳಿಯಲಿಲ್ಲ. ಆದರೆ ಹಿಂದೆ ಬಿದ್ದ ಕುರಿಗೆ ಅವರಲ್ಲೊಬ್ಬ ಹಾಕಿದ ಸಿಳ್ಳೆ ಇದೆಯಲ್ಲ, ನೀವು ಸಂಜೆ ಹಾಕುವ ಸಿಳ್ಳೆಯೇ. ನಾನು ಬಸ್ಸಿಳಿದು ಮಂದೆಯ ನಡುವೆ ನಿಂತುಬಿಟ್ಟೆ. "ಎಲ್ಲಾರೂ ಗುಡ್ಡ ನೋಡಾಕ ಬಂದಾರ, ನೀವು ಕುರಿ ನೋಡಾಕತ್ತೀರಿ, ಪೋತ್ನಾಳದಾಗ ಇರಲಿಲ್ಲೇನ್ರಿ ಮೇಡಂ?" ಎಂದು ವಿಶಾಖಾ ಕಿಟಕಿಯಿಂದ ಕೂಗಿದಳು.

ನಾಡಿದ್ದು ಧಂಕರ್ ಅನ್ನುವಲ್ಲಿಗೆ ಹೋಗುತ್ತೇವೆ. ಎರಡು ಹೊಳೆ ಕೂಡುವ ಜಾಗದ ಮೇಲೆ, ಕೊರಕಲು ಬೆಟ್ಟದ ಮೂಗಿನ ತುದಿಯಲ್ಲಿ ಕೋಟೆಯೂ ಮಠವೂ ಕೂಡಿ ನಿಂತಿವೆ. ನಿಮ್ಮ ಮಗ ಅದರ ಚಿತ್ರವನ್ನು ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದರು. ಅಲ್ಲಿಂದ ಮೇಲೆ ಹತ್ತಿದರೆ ಒಂದು ಕೆರೆ. ಕೆಳಗೆ ಸಂಗಮ. ಉಣ್ಣೆಯನ್ನು ಅಲ್ಲಿ ಬಿಡಲೇ? ಗಂಗೆಯಲ್ಲದ ನೀರಿಗೆ ಒಪ್ಪಿಸಬಹುದೇ? ವಾಪಸು ತರಲೇ? ನೀವು ಹೇಳಿದಂತೆ ಮಾಡುತ್ತೇನೆ. ನೀವು ಏನೂ ಹೇಳದಿದ್ದರೆ ಗಂಟು ಹಾಗೇ ತರುತ್ತೇನೆ. ಆದರೆ ಅದನ್ನು ಕೊಡಲು ನಾನು ಯಾವ ಮುಖ ಹೊತ್ತು ನಿಮ್ಮ ಬಾಗಿಲಿಗೆ ಬರಲಿ, ಅದನ್ನೂ ಹೇಳಿ.

ಕಮರು, ಇಲ್ಲಿಂದ ಮುಂದಿನ ಭಾಗ ನಿನಗೆ ಮಾತ್ರ. ಅತ್ತೆಗೆ ಓದಬೇಡ.

ಇಲ್ಲಿಗೆ ಬಂದ ದಿನ ನನಗೆ ಉಸಿರು ಸಿಗಲಿಲ್ಲ. ಎತ್ತರದ ಊರು, ಗಾಳಿ ತೆಳು. ಇಲ್ಲಿಯ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟು ಮಲಗಿಸಿದರು. ಈಗ ಪರವಾಗಿಲ್ಲ. ಧಂಕರಿನ ಮೇಲಕ್ಕೆ ಹತ್ತುವುದು ನಿಮ್ಮ ಇಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಉಸಿರಿಗಿಂತ ಕಾಲಿನ ತೊಂದರೆ ಹೆಚ್ಚು. ನಾನು ಹಾಕಿಕೊಂಡಿರುವುದು ನಮ್ಮ ಮನೆಯವರ ಬೂಟು. ಹಿಮಾಲಯಕ್ಕೆಂದೇ ಕೊಂಡು, ಮನೆಯೊಳಗೇ ಹಾಕಿಕೊಂಡು ಓಡಾಡಿ ರೂಢಿ ಮಾಡುತ್ತಿದ್ದರು. ಎಲ್ಲ ಬಟ್ಟೆಬರೆ ಕೊಟ್ಟೆ, ಬೂಟು ಕೊಡಲಾಗಲಿಲ್ಲ. ನನ್ನ ಪಾದಕ್ಕೆ ದೊಡ್ಡವು, ಒಳಗೆ ಕಾಲು ಜಾರುತ್ತದೆ, ಬೆರಳು ಜೋಮು ಹಿಡಿಯುತ್ತವೆ. ಸತ್ತವರ ಕೆರ ಹಾಕಿಕೊಂಡಿದ್ದೇನೆಂದು ಅತ್ತೆಗೆ ಗೊತ್ತಾದರೆ ಕಾಶಿಗೆ ಹೋಗದ ತಪ್ಪಿಗಿಂತ ಇದು ದೊಡ್ಡದಾದೀತು.

ಇನ್ನೊಂದು ಮಾತು. ಆ ಮರಿಯನ್ನು ಬಿಟ್ಟದ್ದು ಅವರ ಹೆಸರಿಗೆ. ಉಳಿದವಳು ನಾನು. ಅತ್ತೆ ಟಗರನ್ನು ನೋಡುವಾಗ ಎಷ್ಟೋ ಸಲ ಅವರ ಕಣ್ಣು ನೋಡಿದ್ದೇನೆ. ನನ್ನನ್ನೂ ಹಾಗೆಯೇ ನೋಡುತ್ತಾರೇನೋ, ಕೊಡಲೂ ಆಗದ, ಇಟ್ಟುಕೊಳ್ಳಲೂ ಆಗದ ಜೀವ ಎಂದು. ತಪ್ಪು ತಿಳಿಯಬೇಡ. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಅನ್ನ ಕಲಸಿ ತಿನ್ನಿಸಿದ ಕೈ ಅದು. ಅದಕ್ಕೇ ಕೇಳಲು ಧೈರ್ಯವಿಲ್ಲ.

ಇಲ್ಲಿಂದ ಮತ್ತೆ ಗಟ್ಟಿಯಾಗಿ ಓದು.

ಅತ್ತೆ, ಜ್ವರದ ಮಾತ್ರೆ ಖಾಲಿಯಾಗಿದ್ದರೆ ಹನುಮೇಶನಿಗೆ ಮಾನ್ವಿಯಿಂದ ತರಲು ಹೇಳಿ. ಉತ್ತರಕ್ಕೆ ಕಾಯುತ್ತಿರುತ್ತೇನೆ.

ನಿಮ್ಮ
ಉಮಾದೇವಿ

ತಾ.ಕ.: ಇಲ್ಲಿಯವರು ಚಹಕ್ಕೆ ಬೆಣ್ಣೆ, ಉಪ್ಪು ಹಾಕುತ್ತಾರೆ. ನೀವು ಒಂದು ಗುಟುಕು ಕುಡಿದು ಲೋಟ ತಿರುಗಿಸಿ ಕೊಡುತ್ತಿದ್ದಿರಿ. ನಾನು ಎರಡು ಲೋಟ ಕುಡಿದೆ.

*

ಪೋತ್ನಾಳ, ತಾ. ಮಾನ್ವಿ
ಸೆಪ್ಟೆಂಬರ್ 12, 2024

ಉಮಕ್ಕಾ,

ಕಮರುನ್ನೀಸಾಳ ಸಲಾಮು. ಇದು ಅಯ್ಯಮ್ಮವ್ವ ಹೇಳಿ ಬರೆಸಿದ್ದು. ಹೇಳಿದ ಹಾಂಗ ಬರದೀನಿ, ಬೈಗುಳ ಒಂದೆರಡು ಬಿಟ್ಟೀನಿ.

ಏನಬೇ ಉಮಾ, ನನಗ ಓದಬ್ಯಾಡ ಅಂತ ಬರದು ಕಳಸ್ತೀಯಾ? ಕಮರು ಒಂದು ಕಡಿ ಬಂದು ಸುಮ್ನ ಕೆಮ್ಮಿದ್ಲು, ಹಾಳಿ ಹೊಳ್ಳಿಸಿದ್ಲು. ನಲವತ್ತು ವರ್ಷ ಕುರಿ ಕಾದಾಕಿ ನಾನು, ಮಂದಿಯಾಗ ಒಂದು ಮರಿ ಕಡಿಮಿ ಆದ್ರ ನನಗ ತಿಳೀತದ. ಎಲ್ಲಿ ಹಾರಿಸಿದಿ, ಅದನ್ನ ಮೊದ್ಲು ಓದು ಅಂದೆ. ಓದಿಸಿದೆ. ಎರಡು ಸಲ.

ಉಸಿರು ಸಿಗಲಿಲ್ಲ ಅಂತ. ಬಿಸಿ ಗಂಜಿ ಕುಡಿ. ಆ ಬೆಣ್ಣಿ ಚಾ ಬಿಡು. ಹತ್ತೂ ಮುಂದ ಮಾತಾಡಬ್ಯಾಡ, ನಿನಗ ಅದೊಂದು ಚಟ. ಮಂದಿ ಮುಂದ ಹೋದ್ರ ಹೋಗ್ಲಿ, ನೀನು ಮುದಿ ಕುರಿ ಹಾಂಗ ಹಿಂದ ಸಾವಕಾಶ ನಡಿ.

ಉಣ್ಣಿ ಆ ಹೊಳಿಗೆ ಹಾಕಬ್ಯಾಡ. ಅದರ ಹೆಸರು ಹೇಳಾಕ ನನಗ ನಾಲಿಗಿ ಹೊಳ್ಳವಲ್ದು. ಹೆಸರು ಹೇಳಾಕ ಬರದ ಹೊಳಿಗೆ ನನ ಮಗನ್ನ ಯಾಕ ಒಪ್ಪಿಸ್ಲಿ? ವಾಪಸ್ಸೂ ತರಬ್ಯಾಡ. ನಾ ಹೇಳಿದ್ದು ಕೇಳು. ಗಂಟು ಬಿಚ್ಚು. ಉಣ್ಣಿ ಹಿಂಜಿ ಎರಡು ಪಾಲು ಮಾಡು. ಒಂದೊಂದು ಪಾಲು ಒಂದೊಂದು ಬೂಟಿನ ಮೂತಿಗೆ ತುರುಕು. ಬಿಗಿ ಮಾಡಬ್ಯಾಡ, ಬೆರಳು ಆಡಾಕ ಜಾಗ ಇರ್ಲಿ. ನಿಮ್ಮ ಮಾವನ ಜೋಡು ನನಗ ದೊಡ್ಡವು ಇದ್ದು. ಹಿಂಗ ಉಣ್ಣಿ ತುಂಬ್ಕೊಂಡೇ ದೇವದುರ್ಗದ ಗುಡ್ಡ ಎಲ್ಲಾ ತಿರುಗೀನಿ. ಸತ್ತವರ ಕೆರ ಹಾಕ್ಕೋಬಾರ್ದು ಅನ್ನಾವ್ರು ಅಂತಾರ. ಅವರ ಬೆರಳು ಜೋಮು ಹಿಡದಾವೇನು?

ಹಾಕ್ಕೊಂಡು ಹತ್ತು. ಅವ ಬಾಗಿಲಿಗೆ ಅಂಟಿಸಿದ್ದನ್ನ ನೋಡು. ನನ್ನ ಬಾಗಿಲಿಗೆ ಬರಾಕ ಯಾವ ಮುಖ ಹೊತ್ಕೊಂಡು ಬರ್ಲಿ ಅಂತ ಕೇಳೀದಿ. ಇದ್ದ ಮುಖ ತಗೊಂಡು ಬಾ. ಬಿಸಿಲಿಗೆ ಸುಟ್ಟು ಕರ್ರಗ ಆಗಿದ್ರ ನಗ್ತೀನಿ.

ಅಯ್ಯಮ್ಮ
(ಹೆಬ್ಬೆಟ್ಟು ಒತ್ಯಾಳ)

ತಾ.ಕ.: ಅಕ್ಕಾ, ಇದನ್ನ ಬರೀಬ್ಯಾಡ ಅಂತ ಅವ್ವ ಆಣಿ ಹಾಕ್ಯಾಳ. ಬರೀತೀನಿ, ಅಲ್ಲಾಹ್ ಮಾಫ್ ಮಾಡ್ಲಿ. ನೀನು ಟಗರಿನ ಬಗ್ಗಿ ಬರದದ್ದು ಓದಿದಾಗ ಆಕಿ ನನ್ನ ಕೈಯಾಗಿನ ಮೊಬೈಲ್ ಕೆಳಗ ಇಡಿಸಿದ್ಲು. ಆಮ್ಯಾಲೆ ಅಂದ್ಲು, ಆಸ್ಪತ್ರಿ ಬಾಗಿಲದಾಗ ಕುಂತು ಆ ಒಂದು ಮರಿ ಮ್ಯಾಲ ನಿಮ್ಮಿಬ್ಬರ ಹೆಸರೂ ಹೇಳಿದ್ಲಂತ. "ಇಬ್ಬರಿಗೆ ಎರಡು ಮರಿ ಅನ್ನಬೇಕಾಗಿತ್ತು. ನಾನು ಜಿಪುಣಿ ಆದೆ. ಒಂದೇ ಅಂದೆ, ದೇವ್ರು ಒಬ್ಬಾಕಿನ್ನೇ ಕೊಟ್ಟ. ದೇವ್ರಿಗೆ ಕೊಟ್ರ ನನ ಕೈಯಾರೆ ಮಗನ್ನ ಕೊಟ್ಟಾಂಗ, ಇಟ್ಕೊಂಡ್ರ ಉಳಿದ ಸೊಸಿ ಹರಕಿ ತಪ್ಪಿಸಿದಾಂಗ. ಅರ್ಧ ಹರಕಿ ಹ್ಯಾಂಗ ತೀರಸ್ಬೇಕು, ಕಮರೂ?" ಅಂದ್ಲು. ಸಂಜಿಕ ಕುರಿ ಹಟ್ಟಿಗೆ ಬಂದಾಗ ಹನುಮೇಶನ್ನ ಕರದು ಟಗರಿನ ಕೊರಳಾಗಿನ ಹರಕಿ ಅರಿಶಿಣ ದಾರ ಕೊಯ್ಯಿಸಿದ್ಲು. ಅವ ಕೇಳಿದ, ಈಗ ಇದನ್ನ ಏನು ಮಾಡ್ಲಿ ಯವ್ವಾ ಅಂತ. "ಏನು ಮಾಡ್ತಿ? ಮೇಯಾಕ ಬಿಡು. ಇನ್ನ ಅದು ಬರೇ ಕುರಿ ಆಗಿರ್ಲಿ" ಅಂದ್ಲು.