ಅಪ್ಪನ ಒಡಕು ಚಿಪ್ಪು

ಸಾಪಿಯನ್, ಕಾಪಿಸ್
೯ ಅಕ್ಟೋಬರ್ ೧೯೯೮

ಪ್ರೀತಿಯ ಅಕ್ಕ ರೊಸೆಂಡಾ,

ಹೇಗಿದ್ದೀಯ? ಮೊಣಕೈಯ ಸುಟ್ಟ ಗಾಯ ಮಾಯಿತೇ? ಹಾಂಗ್‌ಕಾಂಗಿನ ನಿನ್ನ ಯಜಮಾನಿ ಭಾನುವಾರವಾದರೂ ಹೊರಗೆ ಬಿಡುತ್ತಾಳೆಯೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ನಿನ್ನ ಮಗ ಕಿಕೊಗೆ ಮುಂದಿನ ಎರಡು ಹಲ್ಲು ಬಿದ್ದು, ಪ್ರಾರ್ಥನೆ ಹೇಳಿದರೆ ಸೀಟಿ ಹೊಡೆದ ಹಾಗೆ ಕೇಳುತ್ತದೆ. ಅಪ್ಪನ ಕುತ್ತಿಗೆ ಈಗ ಪೂರ್ತಿ ಎಡಕ್ಕೆ ತಿರುಗಿಬಿಟ್ಟಿದೆ. ಗಂಜಿ ಕುಡಿಸುವಾಗ ನಾನೂ ಎಡಗಡೆಗೇ ಕೂರುತ್ತೇನೆ, ಹಾಗಾದರೆ ಅವನಿಗೆ ನನ್ನ ಮುಖ ಕಾಣುತ್ತದೆ. ಮಾತು ನಿಂತು ಹೋಗಿದೆ. ಕಣ್ಣು ಮಾತ್ರ ಮೊದಲಿನ ಹಾಗೇ ಇದೆ.

ಡಿಸೆಂಬರಿಗೆ ನೀನು ಬರುವಾಗ ಭಾವನೂ ಹಡಗಿನ ಕೆಲಸದಿಂದ ಬರುತ್ತಾರೆ, ಕಿಕೊಗೆ ಒಬ್ಬ ತಮ್ಮ ಬೇಕು ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಓದಿದಂದಿನಿಂದ ಈ ಪತ್ರ ಶುರುಮಾಡಿ ಮೂರು ಸಲ ಹರಿದು ಹಾಕಿದೆ. ನಿನ್ನಷ್ಟು ಓದಿದವನಲ್ಲ ನಾನು, ತಪ್ಪಿದ್ದರೆ ತಿದ್ದಿಕೋ. ಅಪ್ಪನ ಕಾಲು ಮೊದಲ ಸಲ ತಿರುಚಿಕೊಂಡ ವರ್ಷ ನನ್ನನ್ನು ಆರನೆಯ ತರಗತಿಗೆ ಸೇರಿಸಲಿಲ್ಲ, ನೆನಪಿದೆಯೇ? "ಲುಬಗ್ ಗಂಡಸರ ಕಾಯಿಲೆ ಕಣೋ ತೊತೊ, ಅಪ್ಪನಿಂದ ಮಗನಿಗೇ ಬರೋದು. ನೀನು ಓದಿ ಏನ್ ಮಾಡ್ತೀಯ? ಅಕ್ಕ ಓದ್ಲಿ" ಅಂದಿದ್ದಳು ಅಮ್ಮ. ನೀನು ಅವತ್ತು ನಿನ್ನ ಬಣ್ಣದ ಪೆನ್ಸಿಲ್ ಡಬ್ಬಿ ನನಗೆ ಕೊಟ್ಟೆ. ಅಂಗಳದ ಓರೆ ತೆಂಗಿನ ಮರವನ್ನೂ ಅಮ್ಮ ನನಗೆ ಹತ್ತಗೊಡಲಿಲ್ಲ. "ಮೇಲಿದ್ದಾಗ ಕಾಲು ತಿರುಚ್ಕೊಂಡ್ರೆ ಯಾರು ಹಿಡೀತಾರೆ, ಇಳಿಯೋ!" ಅಂತ ಕೂಗುತ್ತಿದ್ದಳು. ಕಳೆದ ವರ್ಷ ಡೆಲ್ಸಿಯನ್ನು ಮದುವೆಗೆ ಕೇಳಲು ಹೋದಾಗಲೂ ಇದೇ ಆಯಿತು. ಅವಳಪ್ಪ ಹೆಂಡದ ಬಟ್ಟಲು ಕೆಳಗಿಟ್ಟು, "ಹುಡುಗ ಚಿನ್ನ ಕಣ್ರೀ. ಆದ್ರೆ ನಲವತ್ತಾಗೋ ಹೊತ್ತಿಗೆ ಲುಬಗ್ ಈ ಚಿನ್ನಾನ ತಿರುಚಿ ಬಳೆ ಮಾಡಿಡುತ್ತಲ್ಲ!" ಅಂದ. ಎಲ್ಲರೂ ನಕ್ಕರು. ನಾಚಿಕೆಗೆ ನಾನೂ ನಕ್ಕೆ. ಇದೇ ಮನೆಯ ಮಗಳನ್ನು, ನಿನ್ನನ್ನು, ಭಾವನ ಮನೆಯವರು ಹಂದಿ ಸುಟ್ಟು ಹಬ್ಬ ಮಾಡಿ ಕರೆದುಕೊಂಡು ಹೋಗಿದ್ದರು.

ಹೋದ ತಿಂಗಳು ಪಟ್ಟಣದಿಂದ ಒಬ್ಬ ದಾದಿ ಬಂದಿದ್ದಳು. ಲುಬಗ್ ಇರುವ ಮನೆಗಳ ವಂಶ ಬರೆದುಕೊಳ್ಳುತ್ತಿದ್ದಾಳೆ. ಅಮ್ಮ ಸಂತೆಗೆ ಹೋಗಿದ್ದಳು, ನಾನು ಅಪ್ಪನ ಪಕ್ಕದಲ್ಲಿ ಕೂತು ಗಾಜಿನ ಬದಲು ಕಿಟಕಿಗೆ ಹಾಕುವ ಕಡಲ ಚಿಪ್ಪು ಉಜ್ಜುತ್ತಿದ್ದೆ. ಅಪ್ಪನ ಕಡೆಯ ಅಜ್ಜಿಯ ಅಣ್ಣ, ನಮ್ಮಪ್ಪ, ಅಪ್ಪನ ತಮ್ಮ ಅಂತ ನಾನು ಹೆಸರು ಹೇಳಿದೆ. "ನಿಮ್ಮಮ್ಮನ ಕಡೆ ಯಾರಿಗಾದ್ರೂ ಇದೆಯಾ?" ಅಂದಳು. ಇಲ್ಲ ಅಂದೆ. "ಹಾಗಾದ್ರೆ ನಿನಗೆ ಬರಲ್ಲ ಬಿಡು, ತಮ್ಮಾ" ಅಂದಳು. ಅದು ಹೇಗೆ ಅಂತ ಕೇಳಿದೆ. ಅವಳು ನನ್ನದೇ ಚಿಪ್ಪುಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದಳು. ಹೆಂಗಸಿನಲ್ಲಿ ಎರಡು ದುಂಡು ಚಿಪ್ಪು ಇರುತ್ತವೆ, ಗಂಡಸಿನಲ್ಲಿ ಒಂದು ದುಂಡು, ಒಂದು ಗಿಡ್ಡ. ಮಗುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು. ಅಪ್ಪನ ದುಂಡು ಚಿಪ್ಪಿನಲ್ಲಿ ಒಡಕಿದೆ, ಅದು ಅವನಿಗೆ ನಮ್ಮ ಅಜ್ಜಿಯಿಂದ ಬಂದದ್ದು. ಮಗನಿಗೆ ಅಪ್ಪ ಕೊಡುವುದು ಗಿಡ್ಡ ಚಿಪ್ಪು, ಅದು ಸಿಕ್ಕಿದ್ದಕ್ಕೇ ಅವನು ಮಗ. ಮಗಳಿಗೆ ಕೊಡಲು ಅಪ್ಪನಲ್ಲಿ ಉಳಿಯುವುದು ಆ ಒಡಕು ಚಿಪ್ಪು ಒಂದೇ.

ಅಕ್ಕ, ಮುಂದಿನದನ್ನು ಕೂತು ಓದು. ನಿನಗೆ ಏನೂ ಆಗುವುದಿಲ್ಲ. ಅಮ್ಮ ಕೊಟ್ಟ ಒಳ್ಳೆಯ ಚಿಪ್ಪು ನಿನ್ನನ್ನು ಕಾಯುತ್ತದೆ, ಹೆಂಗಸರಿಗೆ ಬರುವುದು ಬಹಳ ಅಪರೂಪವಂತೆ. ಆದರೆ ನೀನು ಹೆರುವ ಪ್ರತಿ ಗಂಡುಮಗುವಿಗೂ ನಿನ್ನ ಎರಡರಲ್ಲಿ ಒಂದು ಹೋಗುತ್ತದೆ, ಯಾವುದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಹೋದದ್ದು ಒಡಕಾದರೆ ಅವನನ್ನು ಕಾಯಲು ಇನ್ನೊಂದಿಲ್ಲ. ಕಿಕೊಗೆ ಯಾವುದು ಹೋಗಿದೆ ಅಂತ ದಾದಿಯನ್ನು ಕೇಳಿದೆ. ಅವಳು ತಲೆಯಲ್ಲಾಡಿಸಿ, "ಅವನು ದೊಡ್ಡವನಾಗ್ಲಿ, ಅಷ್ಟರಲ್ಲಿ ಏನಾದ್ರೂ ದಾರಿ ಸಿಗಬಹುದು" ಅಂದಳು.

ಅಷ್ಟು ಹೊತ್ತೂ ಅಪ್ಪ ಮೇಜನ್ನೇ ನೋಡುತ್ತಿದ್ದ. ಇದ್ದಕ್ಕಿದ್ದ ಹಾಗೆ ಅವನ ಕೈ ಬೀಸಿ ಬಂದು ಚಿಪ್ಪುಗಳೆಲ್ಲ ನೆಲಕ್ಕೆ ಬಿದ್ದವು. ಬೀಸಿದ್ದು ಕಾಯಿಲೆಯೋ ಅಪ್ಪನೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಎರಡು ದಿನ ಗಂಜಿಗೆ ಬಾಯಿ ತೆರೆಯಲಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಐದನೇ ತರಗತಿಗೇ ನಿಂತ ನನ್ನ ಓದೂ ನಿನ್ನ ಪೆನ್ಸಿಲ್ ಡಬ್ಬಿಯೂ ಎಲ್ಲ ಒಟ್ಟಿಗೆ ಅವಳ ತಲೆಯ ಮೇಲೆ ಬೀಳುತ್ತದೆ. ನನಗೆ ಸಿಟ್ಟಿಲ್ಲ ಅಕ್ಕ. ಬಚಾವಾದೆ ಅಂತ ಒಂದು ಗಳಿಗೆ ಸಂತೋಷಪಟ್ಟೆನಲ್ಲ, ಅದೇ ಚುಚ್ಚುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ತಲೆಯಲ್ಲಿ ಮಲಗಬೇಡ. ಅಪ್ಪ ಕಣ್ಣಿನಲ್ಲೇ ನಿನ್ನನ್ನು ಹರಸುತ್ತಾನೆ, ನಿನ್ನ ಫೋಟೋ ಹಿಡಿದರೆ ಕೈ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲುತ್ತದೆ.

ಇಂತಿ ನಿನ್ನ ತಮ್ಮ,
ನೊನಿತೊ

ಮರೆತಿದ್ದೆ: ಡೆಲ್ಸಿಗೆ ಬೇರೆ ಕಡೆ ಮದುವೆ ಗೊತ್ತಾಗುತ್ತಿದೆ, ಮುಂದಿನ ಭಾನುವಾರ ಮಾತುಕತೆ. ಅವಳಪ್ಪನ ಹತ್ತಿರ ಹೋಗಿ ಚಿಪ್ಪಿನ ವಿಷಯ ಹೇಳಿದರೆ ನನಗೇ ಕೊಡಬಹುದು. ಆದರೆ ಅವನಿಗೆ ಹೇಳಿದ್ದು ಸಂಜೆಯೊಳಗೆ ನಿನ್ನ ಅತ್ತೆಯ ಕಿವಿಗೆ ಬೀಳುತ್ತದೆ. ಈ ಪತ್ರ ನಿನಗೆ ಮುಟ್ಟಲು ಹನ್ನೆರಡು ದಿನ ಬೇಕು, ನಿನ್ನನ್ನು ಕೇಳಿ ಮಾಡುವಷ್ಟು ಸಮಯವಿಲ್ಲ. ನಾನು ಹೋಗುವುದಿಲ್ಲ. ಭಾವನಿಗೆ ನೀನೇ ಹೇಳು, ಕಿಕೊಗೆ ತಮ್ಮ ಬೇಕೆನ್ನುವ ವಿಚಾರ ಆಮೇಲೆ ನೋಡಿ. ಕಿಕೊ ಓರೆ ಮರದ ಅರ್ಧ ಹತ್ತಿ ನನ್ನನ್ನು ಕೂಗುತ್ತಿದ್ದಾನೆ. "ಹತ್ತು ಕಂದಾ, ನೀನು ಮಗಳ ಮಗ, ನಿಂಗೇನಾಗುತ್ತೆ!" ಅಂತ ಅಮ್ಮ ಚಪ್ಪಾಳೆ ತಟ್ಟುತ್ತಿದ್ದಾಳೆ. ಇಳಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಮರದ ಕೆಳಗೆ ಹೋಗಿ ನಿಂತುಕೊಳ್ಳುತ್ತೇನೆ.