ಅತ್ತೆಯ ಬಾಂಗ್ಲಾ

ರೀ,

ಎದುರಿಗೆ ನಿಂತರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಊಟದ ಡಬ್ಬಿಯಲ್ಲಿ ಈ ಪತ್ರ ಇಡುತ್ತಿದ್ದೇನೆ.

ನಿಮ್ಮ ಬಾಂಗ್ಲಾ ಭಾಷೆ ಓದಲು, ಬರೆಯಲು ನನಗೆ ಕಲಿಸಿದ್ದು ನೀವು ಗೊತ್ತುಮಾಡಿದ ಮೇಷ್ಟ್ರು. ಮಾತಾಡಲು ಕಲಿಸಿದ್ದು ನಿಮ್ಮಮ್ಮ, ಒಗೆದ ಬಟ್ಟೆ ಮಡಚುತ್ತಾ. ನದಿಯಾಚೆಯ ಅವರ ಊರಿನ ಬಾಂಗ್ಲಾ ಪುಸ್ತಕದಲ್ಲಿ ಇರುವಂಥದ್ದಲ್ಲ, ನನಗೂ ಗೊತ್ತು. ನನ್ನ ನಾಲಿಗೆಗೆ ಹತ್ತಿದ್ದು ಅದೇ.

ನಿನ್ನೆ ಮನೆಗೆ ಬಂದ ನಿಮ್ಮ ಮ್ಯಾನೇಜರ್ ಜೊತೆ ನಾನು ಬಾಂಗ್ಲಾದಲ್ಲಿ ಎರಡು ಮಾತಾಡಿದ್ದಕ್ಕೆ, "ಕೆಲಸದವಳ ಹತ್ರ ಕಲ್ತಿದಾಳೆ ಸರ್" ಎಂದು ಬಾಂಗ್ಲಾದಲ್ಲೇ ಹೇಳಿ ನಕ್ಕಿರಿ. ಅತ್ತೆ ಟೀ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನೀವು ಕನ್ನಡ ಮಾತು, ಓದು ಎರಡೂ ಕಲಿತದ್ದು ನಮ್ಮಪ್ಪನ ಗ್ಯಾರೇಜಿನಲ್ಲಿ, ಬೈಗುಳದ ಸಮೇತ. ಅದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸಿಲ್ಲ.

ಇವತ್ತು ಬೆಳಿಗ್ಗೆ ಅತ್ತೆ ನನ್ನ ಜೊತೆ ಮೇಷ್ಟ್ರ ಬಾಂಗ್ಲಾದಲ್ಲಿ ತಡವರಿಸುತ್ತಾ ಮಾತಾಡಿದರು. ಮೈಯೆಲ್ಲ ಉರಿದುಹೋಯಿತು.

ಸಂಜೆ ಬಂದವರೇ ಅವರ ಪಕ್ಕದಲ್ಲಿ ಕೂತು, ಅವರ ಮಾತಿನಲ್ಲೇ ತಪ್ಪಾಯಿತು ಅನ್ನಿ. ಆ ಮಾತು ಮರೆತಿದ್ದರೆ ನಾನು ಹೇಳಿಕೊಡುತ್ತೇನೆ. ಆಮೇಲೆ ಮ್ಯಾನೇಜರನ್ನು ಇನ್ನೊಮ್ಮೆ ಮನೆಗೆ ಕರೆದು, "ಇವರು ನಮ್ಮಮ್ಮ" ಎನ್ನಿ.

ಇದನ್ನು ಬಾಂಗ್ಲಾದಲ್ಲೇ ಬರೆಯಬಹುದಿತ್ತು. ಆದರೆ ಡಬ್ಬಿ ಕಟ್ಟುವವರು ಅತ್ತೆ. ಅವರು ಓದಿಬಿಟ್ಟಾರು ಎಂದು ಕನ್ನಡದಲ್ಲಿ ಬರೆದೆ. ಮಗನನ್ನು ಬೈದರೆ ಅವರಿಗೆ ಈಗಲೂ ತಡೆಯಲಾಗುವುದಿಲ್ಲ.

ನಿಮ್ಮ ಹೆಂಡತಿ