ಕೂರಿಸುವ ಕೆಲಸ

ಹೊಳಲ್ಕೆರೆ, ೧೪ ಅಕ್ಟೋಬರ್ ೧೯೧೮, ಸೋಮವಾರ

ಇವರ ಪಂಚೆ ಕುದಿಸಿದ್ದು ಇವತ್ತಿಗೆ ಮೂರನೆಯ ಸಲ. ಸೌದೆ ಮುಗಿಯುತ್ತಾ ಬಂತು. ನಮ್ಮ ಬಟ್ಟೆ ಅಂಗಡಿ ಮುಚ್ಚಿ ಹದಿನೈದು ದಿನ. ಊರಿಗೆ ಇನ್‌ಫ್ಲುಯೆಂಜಾ ಬಂದಾಗಿನಿಂದ ಇವರಿಗೆ ಒಂದೇ ಕಸುಬು — ಸತ್ತವರ ಮನೆಗೆ ಹೋಗಿ ಹೆಣ ಕೂರಿಸುವುದು. ನಮ್ಮವರಲ್ಲಿ ಮಲಗಿಸಿ ಮಣ್ಣು ಮಾಡುವುದಿಲ್ಲ. ಮೈ ಸೆಟೆಯುವ ಮೊದಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ, ಎಡಗೈಯಲ್ಲಿ ಲಿಂಗವಿಡಬೇಕು. ಮನೆಮಂದಿಯೆಲ್ಲ ಜ್ವರದಲ್ಲಿ ಬಿದ್ದಿದ್ದರೆ ಯಾರು ಮಾಡುತ್ತಾರೆ? ಇವರೇ.

“ರೀ, ನಿಮ್ಮ ಮನೇಲೂ ಒಂದು ಕೂಸೈತೆ, ನೆನಪೈತಾ?”

“ಐತೆ ಕಣೇ. ಅದಕ್ಕೇ ಜಗಲಿ ಮ್ಯಾಲಿರೋದು. ನೀವ್ಯಾರೂ ನನ್ನ ಮುಟ್ಟಬ್ಯಾಡ್ರಿ.”

ಊರಿಗೆ ಉಪಕಾರಿ, ಮನೆಗೆ ಮಾರಿ — ಅಂದುಬಿಟ್ಟೆ. ನಕ್ಕರು. ನನ್ನ ಸಿಟ್ಟು ಇಳಿದಿಲ್ಲ.

೧೭, ಗುರುವಾರ

ಓಣಿಯ ಕೊನೆಯ ಮನೆ ನಿಂಗಕ್ಕ ತೀರಿಕೊಂಡಳು. ಅವಳ ತಲೆ ಬಾಚಲು ನಮ್ಮ ಮನೆಯ ಬಾಚಣಿಗೆಯೇ ಹೋಯಿತು. ವಾಪಸ್ ಕೇಳಲಿಲ್ಲ. ಮೊಣಕಾಲು ಬಿಗಿದಿತ್ತಂತೆ. “ಬಿಸಿನೀರಿನ ಬಟ್ಟೆ ಇಟ್ಟು ನೀವಿದೆ. ಬಗ್ಗಿತು. ಇನ್ನೊಂದು ಗಳಿಗೆ ತಡ ಆಗಿದ್ರೆ ಇಲ್ಲ” ಅಂದರು. ಇದು ನಲವತ್ತೊಂದನೆಯದು.

ಸಂಜೆ ಇವರು ಕಿಟಕಿಯಿಂದ ಮಗಳು ಕೊಟ್ರಿಗೆ ಬೆಲ್ಲದ ಚೂರು ಎಸೆದರು. ಅವಳು ಹಿಡಿದು ತಿರುಗಿ ಎಸೆದಳು, ಇವರು ಬೀಳಿಸಿಕೊಂಡವರಂತೆ ಆಟ ಕಟ್ಟಿದರು. ಅತ್ತೆ ಏಕಾಂತಮ್ಮನೂ ನಕ್ಕರು. ನಾನೂ.

೨೨, ಮಂಗಳವಾರ

ಇವರಿಗೆ ಜ್ವರ. ನೂರಾ ಮೂರು. ಡಾಕ್ಟರು ಚಿತ್ರದುರ್ಗದಲ್ಲಿ, ಬಂದದ್ದು ಕಾಂಪೌಂಡರ್. “ನಿದ್ದೆ ಹತ್ತಿದ್ರೆ ಎಬ್ಬಿಸಬ್ಯಾಡ್ರಿ ತಾಯೀ. ನಿದ್ದೇನೇ ಔಷಧಿ.”

೨೪, ಗುರುವಾರ, ಬೆಳಿಗ್ಗೆ ಏಳು

ಕೆಮ್ಮು ನಿಂತಿದೆ! ಸದ್ದಿಲ್ಲದೆ ಮಲಗಿದ್ದಾರೆ, ಗೋಡೆಯ ಕಡೆ ಮುಖ. ಶಿವ ಕಣ್ಣು ಬಿಟ್ಟ. ಕೊಟ್ರಿ ಕಿರುಚಿದ್ದಕ್ಕೆ ಬೆನ್ನಿಗೆ ಒಂದು ಬಿಟ್ಟೆ. ಗಂಜಿ ಒಲೆಯ ಮೇಲಿದೆ.

ಹತ್ತೂವರೆ

ಗಂಜಿ ಆರಿತು. ಮತ್ತೆ ಬಿಸಿ ಮಾಡಿದೆ. ಇನ್ನೂ ಎದ್ದಿಲ್ಲ. ಕೂಗಲೋ ಬೇಡವೋ…

೨೮, ಸೋಮವಾರ

ಅವತ್ತು ಮಧ್ಯಾಹ್ನ ಮಠದ ಅಯ್ಯನವರು, ಹಾಲಸ್ವಾಮಿ, ವಿಚಾರಿಸಲು ಬಂದರು. ಕೈ ಹಿಡಿದು ನೋಡಿದರು.

“ಬೆಳಗಿನ ಜಾವವೇ ಹೋಗ್ಯಾನಮ್ಮ.”

ಮೈ ಹಲಗೆಯಂತಾಗಿತ್ತು. ಬಿಸಿನೀರಿನ ಬಟ್ಟೆ ಇಟ್ಟೆ. ನೀವಿದೆ, ಅವರು ಹೇಳಿದ್ದ ಹಾಗೆಯೇ. ಬಗ್ಗಲಿಲ್ಲ. ಮತ್ತೆ ನೀವಿದೆ. ಕುಣಿ ತೋಡುವ ಪಾಲಯ್ಯ ಬಾಗಿಲಲ್ಲೇ ನಿಂತಿದ್ದ.

“ಮೊಣಕಾಲು ಮುರೀಬೇಕಾಗ್ತದೆ ಅಕ್ಕಾ. ಬ್ಯಾರೆ ದಾರಿ ಇಲ್ಲ. ಇನ್ನೂ ನಾಕು ಮನೆ ಕಾಯ್ತಾ ಅವೆ.”

ಅಯ್ಯನವರು ನನ್ನ ಮುಖ ನೋಡಿದರು. ಅತ್ತೆಯೂ ನೋಡಿದರು.

“ಮುರೀಬ್ಯಾಡ್ರಿ” ಅಂದೆ.

ಕುಣಿ ಉದ್ದಕ್ಕೆ ತೋಡಿದರು. ನಲವತ್ತೊಂದು ಜನರನ್ನು ಕೂರಿಸಿದವರು ಮಲಗಿಯೇ ಹೋದರು. ಅಯ್ಯನವರು ಏನೂ ಕಡಿಮೆ ಮಾಡಲಿಲ್ಲ, ವಿಭೂತಿ, ಬಿಲ್ವಪತ್ರೆ, ಎಲ್ಲ. “ಕುಂತ್ರೂ ಶಿವನೇ, ಮಲಗಿದ್ರೂ ಶಿವನೇ” ಅಂದರು. ಅತ್ತೆ ಒಪ್ಪಲಿಲ್ಲ.

“ನನ್ನ ಮಗನಿಗೆ ಕುಂದ್ರೋ ಭಾಗ್ಯಾನೂ ಇಲ್ದಂಗೆ ಮಾಡಿದೆಯಲ್ಲೇ.”

ನಿಜವೇ.

೨ ನವೆಂಬರ್, ಶನಿವಾರ

ಜನ ಬಂದು ಹೋಗುತ್ತಿದ್ದಾರೆ. ನಿಂಗಕ್ಕನ ಗಂಡ ಬಂದು ಜಗಲಿಗೆ ಹಣೆ ಹಚ್ಚಿ ಅತ್ತ. ದೇವರಂಥವರು ಅನ್ನುತ್ತಾರೆ. ದೇವರಲ್ಲ, ಹಠಮಾರಿ. ಉಪ್ಪು ಕಡಿಮೆಯಾದರೆ ಮುಖ ಊದಿಸುತ್ತಿದ್ದರು. ಮಗಳ ಜಡೆ ಮಾತ್ರ ನನಗಿಂತ ಚೆನ್ನಾಗಿ ಹೆಣೆಯುತ್ತಿದ್ದರು.

ಕೊಟ್ರಿ ಕೇಳಿದಳು, “ಅವ್ವಾ, ಅಪ್ಪ ಅಲ್ಲಿ ಕುಂತಾನಾ?”

“ಕುಂತಾನೆ” ಅಂದೆ.

ಸುಳ್ಳು. ಮಗಳಿಗೆ ಹೇಳಿದೆ, ಇಲ್ಲಿ ಹೇಳಲಾರೆ. ಅವತ್ತು ಏಳು ಗಂಟೆಗೆ ಹಣೆ ಮುಟ್ಟಬೇಕೆಂದು ಕೈ ಚಾಚಿದ್ದೆ. ಆಗಿನ್ನೂ ಮೈ ಬಗ್ಗುತ್ತಿತ್ತೋ ಏನೋ. ತಿಂಗಳಿಂದ ಮೈಚಾಚದ ಮನುಷ್ಯ, ಇನ್ನೊಂದು ಗಳಿಗೆ ಮಲಗಲಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡವಳು ನಾನೇ.